ಡಾಕ್ಟರು ಹೇಳಿದ ಹಲವಾ

ಟಪಾಲಿನವನ ಮುಖ ಯಾರೂ ನೋಡುವುದಿಲ್ಲ. ಜನ ಅವನ ಕೈ ನೋಡುತ್ತಾರೆ, ನಾಯಿಗಳು ಅವನ ಕಾಲು ನೋಡುತ್ತವೆ. ನಿಲಂಗಾದ ಟಪಾಲು ಕಚೇರಿಯಿಂದ ಹೊರಟು ಶಿರೂರ ಅನಂತಪಾಳದ ಕಡೆಗಿನ ಆರು ಹಳ್ಳಿ ನಡೆದು ಮುಗಿಸಿ ಸಂಜೆಗೆ ಮನಿ ಸೇರುವುದು ನನ್ನ ನೌಕರಿ. ಆರು ಹಳ್ಳಿಯ ನಾಯಿಗಳಿಗೂ ನನ್ನ ಹೆಜ್ಜೆ ಸಪ್ಪಳ ಬಾಯಿಪಾಠ. ಎಡಗಾಲು ಬಲಗಾಲಿಗಿಂತ ಒಂದು ಕೂದಲೆಳೆ ತಡವಾಗಿ ನೆಲಕ್ಕೆ ಬೀಳುತ್ತದೆ. ಆ ತಡದ ಹಿಂದೆ ಒಂದು ಕತೆ ಇದೆ, ಕತೆಯ ಹಿಂದೆ ಒಂದು ಸುಳ್ಳಿದೆ. ಬಾಯಿಬಿಟ್ಟು ಆಡಿದ ಸುಳ್ಳಲ್ಲ ಮತ್ತ. ಬಾಯಿ ತುಂಬ ಹಲವಾ ಇದ್ದಾಗ ಮಾತಾಡುವುದಾದರೂ ಹ್ಯಾಂಗ? ಸುಮ್ಮನಿದ್ದು ನುಂಗಿದ ಸುಳ್ಳು ಅದು. ಏಳೆಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ, ಇವತ್ತು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಪೊಲೀಸ್ ಆಕ್ಷನ್ ಆಗಿ ನಾಲ್ಕೈದು ವರ್ಷ ಕಳೆದಿತ್ತು. ನಿಜಾಮನ ಟಪಾಲು ಹೋಗಿ ಹಿಂದುಸ್ತಾನದ ಟಪಾಲು ಬಂದಿತ್ತು. ರಾಜ್ಯವೇ ಮುಂದೆ ಹೊರಟಿರುವಾಗ ನಾನೊಬ್ಬ ನಡೆದುಕೊಂಡು ಹೋದರೆ ಹ್ಯಾಂಗ ಅಂತ ಉದಗೀರಕ್ಕೆ ಹೋಗಿ ಒಂದು ಹಳೇ ಸೈಕಲ್ ತಂದೆ. ಅದನ್ನು ಹತ್ತುವುದು ಮೂರು ದಿನದಲ್ಲಿ ಕಲಿತೆ. ಇಳಿಯುವುದು ಇನ್ನೂ ಕಲಿಯಬೇಕಾಗಿತ್ತು, ಅಷ್ಟರಲ್ಲಿ ಹಳ್ಳದ ಇಳುಕಲು ಬಂತು. ಸೈಕಲ್ಲು ಸೈಕಲ್ಲಿನ ಪಾಡಿಗೆ ಹೋಗಿ ಒಂದು ಜಾಲಿ ಗಿಡಕ್ಕೆ ಆತು ನಿಂತಿತು, ಅದಕ್ಕೆ ಒಂದು ಗೀರೂ ಆಗಲಿಲ್ಲ. ಟಪಾಲಿನ ಚೀಲ ಎದೆಗೆ ಅವುಚಿಕೊಂಡು ಬಿದ್ದೆನಾದ್ದರಿಂದ ಒಂದು ಕಾಗದವೂ ಮುದುಡಲಿಲ್ಲ. ಮುರಿದದ್ದು ನನ್ನ ಎಡಗಾಲು ಒಂದೇ, ಮೊಣಕಾಲಿನ ಕೆಳಗೆ ಎರಡು ಬೆರಳು ಬಿಟ್ಟು.

ಉದಗೀರದಲ್ಲಿ ಒಬ್ಬ ಡಾಕ್ಟರು ಎಲುಬು ಕೂಡಿಸಿ ತೊಡೆಯಿಂದ ಹಿಮ್ಮಡಿವರೆಗೆ ಪ್ಲಾಸ್ಟರ್ ಹಾಕಿದರು. ಪುಣೆ ಕಡೆಯಿಂದ ಹೊಸದಾಗಿ ಬಂದವರು, ಕನ್ನಡ ಬಾರದು. ಎರಡೂವರೆ ತಿಂಗಳು ಕಳೆದ ಮೇಲೆ ಅವ್ವ ನನ್ನನ್ನು ಗಾಡಿಯಲ್ಲಿ ಹಾಕಿಕೊಂಡು ಮತ್ತೆ ಅಲ್ಲಿಗೆ ಕರೆದುಕೊಂಡು ಹೋದಳು. ನನ್ನ ಹೆಂಡತಿ ಸುಶೀಲಾ ಆಗ ಚೊಚ್ಚಲ ಹೆರಿಗೆಗೆ ಉಮರ್ಗಾದ ತವರಿನಲ್ಲಿದ್ದಳು. ಡಾಕ್ಟರು ಪ್ಲಾಸ್ಟರ್ ಒಡೆದರು. ಒಳಗಿದ್ದ ಕಾಲು ನೋಡಿ ನಾನು ಅತ್ತೆ. ಸಣ್ಣಗೆ, ಬೆಳ್ಳಗೆ, ಯಾರದೋ ಕಾಲು ನನಗೆ ಹಚ್ಚಿದ್ದಾರೆ ಅನ್ನಿಸಿತು. ಮೊಣಕಾಲು ಹಲಗೆ ಆಗಿತ್ತು. ಡಾಕ್ಟರು ನಗುತ್ತಲೇ ಅದನ್ನು ಒಂದಿಷ್ಟು ಬಾಗಿಸಿದರು. ನಾನು ಒದರಿದ್ದು ಹೊರಗೆ ಗಾಡಿಯ ಎತ್ತುಗಳಿಗೂ ಕೇಳಿಸಿರಬೇಕು. ಆಮೇಲೆ ಅವರು ಅವ್ವನ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದ್ದು ಇಷ್ಟೇ: "ಪಾಯ ಹಲವಾ. ರೋಜ ಹಲವಾ. ಸಕಾಳಿ ಹಲವಾ, ಸಂಧ್ಯಾಕಾಳಿ ಹಲವಾ."

ಈಗ ಸ್ವಲ್ಪ ವ್ಯಾಕರಣ ಕೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಮರಾಠಿಯಲ್ಲಿ 'ಪಾಯ' ಅಂದರೆ ಕಾಲು, 'ಹಲವ' ಅಂದರೆ ಅಲ್ಲಾಡಿಸು. 'ಹಲವಾ' ಅಂದರೆ ಅಲ್ಲಾಡಿಸಿರಿ. ಡಾಕ್ಟರು ನನ್ನಂಥ ಟಪಾಲಿನವನಿಗೂ ಮರ್ಯಾದೆ ಕೊಟ್ಟು ಬಹುವಚನದಲ್ಲಿ ಮಾತಾಡಿದರು. ಏಕವಚನದಲ್ಲಿ ಬೈದಿದ್ದರೆ ಈ ಪ್ರಬಂಧವೇ ಹುಟ್ಟುತ್ತಿರಲಿಲ್ಲ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿ ಆಡುವ ನಮ್ಮ ಸೀಮೆಯಲ್ಲಿ ಒಂದು ಮಾತು ಬಾಯಿಂದ ಹೊರಟರೆ ಯಾವ ಭಾಷೆಯ ಕಿವಿಗೆ ಹೋಗಿ ಮುಟ್ಟುತ್ತದೋ ಹೇಳಲಾಗದು. ತಪ್ಪು ವಿಳಾಸಕ್ಕೆ ಹೋದ ಕಾಗದ ತಿರುಗಿ ಬರುತ್ತದೆ, ಮಾತು ಬರುವುದಿಲ್ಲ. ಗಾಡಿ ಉದಗೀರದ ಕಿಲ್ಲೆ ದಾಟುವ ಹೊತ್ತಿಗೆ ಅವ್ವ ಗಂಭೀರವಾಗಿ ಕೇಳಿದಳು: "ರೋಜ ಹಲವಾ ಅಂದ್ರಲ್ಲೋ, ತುಪ್ಪದ್ದೋ ಎಣ್ಣಿದೋ?"

ಅವ್ವನಿಗೆ ಮರಾಠಿ ಬರುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿದ ಮಾತು. ಆದರೆ ನನಗೆ ಬರುತ್ತಿತ್ತು. ಉರ್ದು ಅಕ್ಷರದ ವಿಳಾಸಗಳೆಲ್ಲ ನಾಗರಿಗೆ ತಿರುಗಿದ ಮೇಲೆ ರಾತ್ರಿ ಹಗಲು ಕೂತು ಕಲಿತಿದ್ದೆ. ಹಲವಾ ಅಂದರೆ ಏನು ಅಂತ ನನಗೆ ಅಲ್ಲೇ, ಆ ಕ್ಷಣಕ್ಕೇ, ಚೊಕ್ಕ ತಿಳಿದಿತ್ತು. ಹೇಳಬೇಕು ಅಂತ ಬಾಯಿಯನ್ನೂ ತೆರೆದೆ. ಡಾಕ್ಟರು ಮೊಣಕಾಲು ಬಾಗಿಸಿದ್ದು ನೆನಪಾಯಿತು. ಬಾಯಿಂದ ಬಂದದ್ದು, "ತುಪ್ಪದ್ದು ಅಂದಾರವ್ವ."

ಇಗೋ, ಇದೇ ಆ ಸುಳ್ಳು. ಸುಮ್ಮನಿದ್ದು ನುಂಗಿದೆ ಅಂದೆನಲ್ಲ, ಅದೂ ಪೂರ್ತಿ ಖರೇ ಅಲ್ಲ.

ಮರುದಿನದಿಂದ ಔಷಧ ಶುರುವಾಯಿತು. ಗೋಧಿ ರವೆ, ಬೆಲ್ಲ, ಯಾಲಕ್ಕಿ, ಮೇಲೆ ಕೈ ಬಿಚ್ಚಿ ತುಪ್ಪ. ನಾನು ಹೊರಸಿನ ಮೇಲೆ ಎಡಗಾಲು ನೀಟಾಗಿ ಚಾಚಿ, ದಿಂಬಿಗೆ ಒರಗಿ, ಬೆಳಿಗ್ಗೆ ಒಂದು ಬಟ್ಟಲು, ಸಂಜೆಗೆ ಒಂದು ಬಟ್ಟಲು ತಿಂದೆ. ಪಕ್ಕದ ಮನಿಯಾಕಿ ಬಂದು ಡಾಕ್ಟರು 'ಪಾಯ' ಅಂತಲೂ ಏನೋ ಅಂದಿದ್ದರಂತಲ್ಲ ಅಂತ ವಿಚಾರಿಸಿದಳು. ನಮ್ಮ ಓಣಿಯಲ್ಲಿ ಪಾಯಾ ಅಂದರೆ ಕುರಿಕಾಲಿನ ಸಾರು. ಲಿಂಗ ಕಟ್ಟಿದ ಮನಿಯಲ್ಲಿ ಆ ಮಾತು ಬ್ಯಾಡ ಅಂತ ಅವ್ವ ಡಾಕ್ಟರ ಚೀಟಿಯ ಅರ್ಧ ಭಾಗ ಅಲ್ಲೇ ತೆಗೆದುಹಾಕಿದಳು. ಒಂದು ತಿಂಗಳಲ್ಲಿ ನನ್ನ ಕೆನ್ನೆ ತುಂಬಿತು, ಹೊಟ್ಟೆ ಬಂತು. ಕಾಲು ಮಾತ್ರ ಹಾಗೆಯೇ ಉಳಿಯಿತು. ಚಕ್ಕಳಮಕ್ಕಳ ಹಾಕಿ ಕೂಡಲಾಗದೆ ಲಿಂಗಪೂಜೆಯನ್ನೂ ಹೊರಸಿನ ಮೇಲೆಯೇ ಮಾಡುತ್ತಿದ್ದೆ. ಎದ್ದು ನಿಂತರೆ ಅಂಗಳ ದಾಟುವಷ್ಟರಲ್ಲಿ ಬೆವರು.

ಅಷ್ಟರಲ್ಲಿ ಪೋಸ್ಟ್ ಮಾಸ್ತರರು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಅವರೂ ಒಂದು ಬಟ್ಟಲು ಹಲವಾ ತಿಂದರು. ಹೊರಡುವಾಗ ಹೇಳಿದರು, ನನ್ನ ಆರು ಹಳ್ಳಿಗೆ ಬದಲಿ ಮನುಷ್ಯನನ್ನು ಹಾಕಿದ್ದಾರೆ, ಮಳೆಗಾಲ ಹಿಡಿದ ಮೇಲೆ ಬದಲಿ ನಡೆಯುವುದಿಲ್ಲ, ಮಿರಗ ಬೀಳುವುದರೊಳಗೆ ನಾನು ನಡೆದು ಬಂದರೆ ಸರಿ, ಇಲ್ಲವಾದರೆ ಆ ದಾರಿಯನ್ನು ಖಾಯಂ ಬೇರೆಯವರಿಗೆ ಕೊಡಬೇಕಾಗುತ್ತದೆ ಅಂತ. ಮೃಗಶಿರಾ ಮಳೆಗೆ ನಮ್ಮಲ್ಲಿ ಮಿರಗ ಅನ್ನುತ್ತಾರೆ. ಅದಕ್ಕೆ ಇನ್ನು ಎರಡು ತಿಂಗಳಿಗೂ ಕಡಿಮೆ ಇತ್ತು. ಅವತ್ತು ಸಂಜೆಯ ಹಲವಾದ ಬಟ್ಟಲನ್ನು ಹಾಗೆಯೇ ಪಕ್ಕಕ್ಕೆ ಸರಿಸಿದೆ. ಕಾಲಿಲ್ಲದ ಟಪಾಲಿನವನು ಅಂದರೆ ಏನು ಹೇಳಿರಿ? ಆ ದಾರಿಯೇ ನಾನು, ಅದನ್ನು ಬಿಟ್ಟು ನನಗೆ ಬೇರೆ ಏನೂ ಬರುತ್ತಿರಲಿಲ್ಲ. ಆದರೂ ನೋಡಿ, ಖರೇ ಮಾತು ಹೇಳಲಿಕ್ಕೆ ಬಾಯಿ ಬರಲಿಲ್ಲ. ತಿಂಗಳು ತಿಂದ ಮೇಲೆ ಹ್ಯಾಂಗ ಹೇಳುವುದು?

ಹೇಳಿದವಳು ಸುಶೀಲಾ. ಮೂರು ತಿಂಗಳ ಮಗಳನ್ನು ಎತ್ತಿಕೊಂಡು ಉಮರ್ಗಾದಿಂದ ಬಸ್ಸಿನಲ್ಲಿ ಬಂದಳು. ಮರಾಠಿ ಸಾಲಿಯಲ್ಲಿ ನಾಲ್ಕನೆಯ ಇಯತ್ತೆ ಓದಿದಾಕಿ. ಕೂಸನ್ನು ತೊಟ್ಟಿಲಿಗೆ ಹಾಕಿ, ನನ್ನ ಹೊಟ್ಟೆ ನೋಡಿ, ಬಟ್ಟಲು ನೋಡಿ, ಅತ್ತೆಯ ಬಾಯಿಂದ ಡಾಕ್ಟರ ಮಾತು ಪೂರಾ ಕೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೋಡೆಗೆ ಒರಗಿಬಿಟ್ಟಳು. ಅಳುತ್ತಿದ್ದಾಳೆ ಅಂದುಕೊಂಡೆವು. ನಗು ನಿಂತ ಮೇಲೆ ಅರ್ಥ ಬಿಡಿಸಿ ಹೇಳಿದಳು. ಅವ್ವ "ನನಗೆಲ್ಲಿ ಮರಾಠಿ ಬರ್ತದ ಯವ್ವ," ಅಂತ ಒಲೆಯ ಕಡೆ ಎದ್ದುಹೋದಳು. ನಾನು ಆಗ ಜಗತ್ತಿನಲ್ಲೇ ಮೊದಲ ಸಲ ಆ ಶಬ್ದ ಕೇಳಿದವನಂತೆ ಕಣ್ಣು ಬಿಟ್ಟೆ. ಸುಶೀಲಾ ನನ್ನನ್ನು ಒಂದು ಗಳಿಗೆ ಹೆಚ್ಚೇ ನೋಡಿದಳು.

ಮರುದಿನವೇ ಅವಳು ಮಾಳಪ್ಪನಿಗೆ ಹೇಳಿಕಳಿಸಿದಳು. ಯೆಣೆಗೂರಿನ ಕುರಿಯವನು, ಕುರುಬರ ದೇವರು ಬೀರಪ್ಪನ ಒಕ್ಕಲು. ಅವಳ ತವರಿನ ಹೊಲಕ್ಕೆ ಗೊಬ್ಬರ ಆಗಲಿ ಅಂತ ಪ್ರತಿ ಬ್ಯಾಸಗಿ ಕುರಿ ನಿಲ್ಲಿಸುತ್ತಿದ್ದ. ಕುರಿಯ ಕಾಲು ಉಳುಕಿದರೆ, ಮುರಿದರೆ, ಕಟ್ಟು ಹಾಕಿ ಓಡಿಸುವ ಕೈ ಅಂವಂದು. ಮನುಷ್ಯರೂ ಅವನ ಹತ್ತಿರ ಹೋಗುತ್ತಿದ್ದರು. ಆ ವರ್ಷ ಅವನ ಹಿಂಡು ನಿಲಂಗಾದ ಹೊರಗೆ ಒಂದು ಹೊಲದಲ್ಲಿ ಇಳಿದಿತ್ತು. ಮಿರಗ ಬಿದ್ದು ಹೊಲ ಬಿತ್ತುವ ಹೊತ್ತಿಗೆ ಅವನೂ ಜಾಗ ಖಾಲಿ ಮಾಡಬೇಕು. ಹೀಗೆ ನನ್ನ ಗಡುವು, ಅವನ ಗಡುವು ಎರಡೂ ಒಂದೇ ಮಳೆಗೆ ಕಟ್ಟಿಬಿದ್ದವು.

ಮಾಳಪ್ಪ ಬಂದ. ನನ್ನ ಮುಖ ನೋಡಲಿಲ್ಲ, ನನ್ನ ಆರು ಹಳ್ಳಿಯ ನಾಯಿಗಳಂತೆ ಅಂವನೂ ಸೀದಾ ಕಾಲು ನೋಡಿದ. ಅಂಗೈ ಮೊಣಕಾಲಿನ ಮೇಲಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಕುಂತ. ಆಮೇಲೆ ಹೇಳಿದ: "ಎಲುಬು ಚಲೋ ಕೂಡ್ಯಾದ, ಡಾಕ್ಟರ ಕೈ ಪುಣ್ಯದ್ದು. ಕೀಲು ಅಷ್ಟೇ ಮರ್ತು ಕುಂತದ. ನೆನಪ ಮಾಡಿ ಕೊಡಮು."

ನೆನಪು ಮಾಡಿಕೊಡುವ ಕ್ರಮ ಹೀಗಿತ್ತು. ಬೆಳಿಗ್ಗೆ ಉಸುಕನ್ನು ಹಂಚಿನ ಮೇಲೆ ಕಾಸಿ ಅರಿವೆಯಲ್ಲಿ ಗಂಟು ಕಟ್ಟಿ ಮೊಣಕಾಲಿಗೆ ಶಾಖ. ಬೆಚ್ಚಗಿನ ಔಡಲೆಣ್ಣೆಯಿಂದ ತೊಡೆಯ ಕೆಳಗಿನಿಂದ ಮೇಲಕ್ಕೆ ತೀಡುವುದು. ಮೊಣಕಾಲನ್ನು ಅವನು ಒತ್ತುತ್ತಲೇ ಇರಲಿಲ್ಲ, ಅದರ ಸುತ್ತಮುತ್ತಲಿನವರನ್ನೆಲ್ಲ ಮೊದಲು ಒಲಿಸಿಕೊಳ್ಳುತ್ತಿದ್ದ. ಆಮೇಲೆ ತೊಳೆದ ಫರಸಿಗಲ್ಲಿನ ನೆಲದ ಮೇಲೆ ನನ್ನನ್ನು ಕೂಡಿಸಿ ಹಿಮ್ಮಡಿಯನ್ನು ಮೆಲ್ಲಗೆ ನನ್ನ ಕಡೆಗೆ ಜಾರಿಸು, ಬಿಡು, ಜಾರಿಸು, ಬಿಡು. ತಾನು ಎದುರಿಗೆ ಕುಂತು ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದ. ಗಡಿಯಾರ ಅವನಿಗೆ ಗೊತ್ತಿಲ್ಲ. ಒಂದು ಮಾರು ನೂಲು ಇಳಿಯುವ ತನಕ ನಾನು ಕಾಲು ಜಾರಿಸುತ್ತಿರಬೇಕು. ಮೊದಲ ದಿನ ಗೇಣು ನೂಲಿಗೇ ನಾನು ಕೈ ಚೆಲ್ಲಿದೆ. ಅವನು ಬೈಯಲಿಲ್ಲ, ಆ ಗೇಣನ್ನು ತಕಲಿಗೆ ಸುತ್ತಿ ಎದ್ದು ಹೋದ.

ನೋವಿನ ವಿಷಯದಲ್ಲಿ ಮಾಳಪ್ಪ ದೊಡ್ಡ ಪಂಡಿತ. ಉರ್ದುವಿನ ದರ್ದು, ಮರಾಠಿಯ ದುಖಣೆ, ಕನ್ನಡದ ಬ್ಯಾನಿ ಮೂರೂ ಬಲ್ಲೆ ಅಂತ ನನಗೆ ಜಂಬ ಇತ್ತು. ಆದರೆ ನೋವಿನಲ್ಲೇ ಎರಡು ಜಾತಿ ಇವೆ ಅಂತ ಹೇಳಿಕೊಟ್ಟವನು ಅವನು. "ಎಳಿಯೋ ನೋವು ಬ್ಯಾರೆ, ಕಚ್ಚೋ ನೋವು ಬ್ಯಾರೆ, ಟಪಾಲಪ್ಪ. ಎಳದ್ರ ಎಳೀಲಿ, ಅದು ಬಿಚ್ಚೋ ನೋವು. ಕಚ್ತು ಅಂದ್ರ ಅಲ್ಲೇ ನಿಲ್ಲಸ್ರಿ, ನಾಳಿ ನೋಡಮು." ಅಲ್ಲಿಯತನಕ ನಾನು ಎಲ್ಲ ನೋವನ್ನೂ ಒಂದೇ ಚೀಲದಲ್ಲಿ ತುಂಬಿ ಹೆದರುತ್ತಿದ್ದೆ. ಬೇರೆ ಬೇರೆ ಮಾಡಿ ನೋಡಿದ ಮೇಲೆ ಹೆದರಬೇಕಾದದ್ದು ಬಹಳ ಸ್ವಲ್ಪ ಉಳಿಯಿತು. ಹದಿನೈದು ದಿನಕ್ಕೆ ರಾತ್ರಿ ಮಗ್ಗಲು ಬದಲಿಸಿದರೆ ಕಾಲು ಒದರುವುದು ನಿಂತಿತು.

ತೊಟ್ಟಿಲಲ್ಲಿ ಮಲಗಿದ ನನ್ನ ಮಗಳು ಇಡೀ ದಿನ ಎರಡೂ ಕಾಲು ಗಾಳಿಯಲ್ಲಿ ಒದೆಯುತ್ತಿದ್ದಳು. ಮಾಳಪ್ಪ ಒಂದು ದಿನ ಆಕಿ ಕಡೆ ಬೆರಳು ಮಾಡಿ, ನೋಡ್ರಿ, ಯಾವ ಡಾಕ್ಟರೂ ಹೇಳಿಲ್ಲ, ರೋಜ ಹಲವಾ ಮಾಡ್ಲತ್ತಾಳ ಅಂದ. ಸುಶೀಲಾ ಅಡಿಗೆ ಮನಿಯಲ್ಲಿ ನಕ್ಕಿದ್ದು ಕೇಳಿಸಿತು. ಅವಮಾನವಾಯಿತು, ಸುಳ್ಳು ಯಾಕೆ ಹೇಳಲಿ. ಅವತ್ತು ಎರಡು ಮಾರು ನೂಲು ಇಳಿಯಿತು.

ಕನ್ನಡದಲ್ಲಿ ಕಾಲು ಅಂದರೆ ಕಾಲೂ ಹೌದು, ನಾಲ್ಕರಲ್ಲಿ ಒಂದು ಪಾಲೂ ಹೌದು. ಈ ಮಾತು ಮಾಡಿದವರು ನನ್ನಂತೆ ಎಲ್ಲೋ ಬಿದ್ದು ಎದ್ದವರೇ ಇರಬೇಕು. ನನ್ನ ಕಾಲು ಮೊದಲು ಕಾಲು ಪಾಲು ಬಾಗಿತು, ತಿಂಗಳಿಗೆ ಅರ್ಧ ಬಾಗಿತು. ಅರ್ಧ ಬಾಗಿದ ದಿನ ಕೋಲು ಕೈಗೆ ಬಂತು, ಮುಕ್ಕಾಲು ಆಯಿತು. ಎರಡು ಕಾಲು, ಒಂದು ಕೋಲು, ಅದೂ ಮುಕ್ಕಾಲೇ ತಾನೆ? ಮೊದಲು ಗೋಡೆ ಹಿಡಿದು ಅಂಗಳ, ಆಮೇಲೆ ಬಾವಿಕಟ್ಟೆ, ಆಮೇಲೆ ಹನುಮಪ್ಪನ ಗುಡಿ. ಖಾಲಿ ಟಪಾಲಿನ ಚೀಲಕ್ಕೆ ಸುಶೀಲಾ ದಿನಾ ಒಂದು ಹಿಡಿ ಉಸುಕು ಹಾಕಿ ಹೆಗಲಿಗೆ ಏರಿಸುತ್ತಿದ್ದಳು. ಶಾಖ ಕೊಡುತ್ತಿದ್ದವಳು ಅವ್ವ. ಬೆಳಗಾಗುವ ಮೊದಲೇ ಎದ್ದು ಉಸುಕು ಕಾಸುತ್ತಿದ್ದಳು, ನನ್ನ ಮೊಣಕಾಲಿಗೆ ಇಡುವ ಮೊದಲು ಗಂಟನ್ನು ತನ್ನ ಕೆನ್ನೆಗೆ ಹಚ್ಚಿ ಸುಡುತ್ತದೋ ಇಲ್ಲೋ ನೋಡುತ್ತಿದ್ದಳು. ನಾನು ಮುಖ ಕಿವುಚಿದರೆ ಮಾತ್ರ ಎದ್ದು ಹೊರಗೆ ಹೋಗಿಬಿಡುತ್ತಿದ್ದಳು.

ಕೊನೆಯ ಎಂಟು ದಿನ ಮಾಳಪ್ಪ ನನ್ನನ್ನು ತನ್ನ ಕುರಿಗಳ ಹಿಂದೆ ನಡೆಸಿದ. ನೀವು ಕುರಿಗಳ ಹಿಂದೆ ನಡೆದಿದ್ದೀರೋ ಇಲ್ಲವೋ ಗೊತ್ತಿಲ್ಲ. ಹತ್ತು ಹೆಜ್ಜೆ ನಡೆಯುತ್ತವೆ, ನಿಂತು ಮೇಯುತ್ತವೆ, ಮತ್ತೆ ಹತ್ತು ಹೆಜ್ಜೆ. ಹೊಸ ಕಾಲಿನವನಿಗೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ. ಬೇಗ ಬಾ ಅನ್ನುವುದಿಲ್ಲ, ಪಾಪ ಅಂತಲೂ ಅನ್ನುವುದಿಲ್ಲ. ಐದನೆಯ ದಿನ ಕೋಲನ್ನು ಎಲ್ಲೋ ಮರೆತುಬಂದದ್ದು ಮನಿಗೆ ಬಂದ ಮೇಲೆ ಗೊತ್ತಾಯಿತು.

ಮಿರಗದ ಮೊದಲ ಮೋಡ ಕಟ್ಟಿದ ದಿನ ಅವನು ಹಿಂಡು ಎಬ್ಬಿಸಿದ. ಹೋಗುವಾಗ ನಲವತ್ತು ದಿನದ ನೂಲಿನ ಉಂಡೆಯನ್ನು ಅವ್ವನ ಕೈಗೆ ಕೊಟ್ಟು, ಇದು ಮನಿಯಲ್ಲಿ ಇಳದ ನೂಲು, ಮನಿಗೇ ಇರಲಿ ಅಂದ. ನಾನು ಬಗ್ಗಿ ಅವನ ಕಾಲು ಮುಟ್ಟಲು ಹೋದೆ, ಮೊಣಕಾಲು ಪೂರಾ ಮಡಚಿತು. ಮುಟ್ಟಿಸಿಕೊಳ್ಳದೆ ಅವನು ಎರಡು ಹೆಜ್ಜೆ ಹಿಂದೆ ಸರಿದು, ಮಡಚಿದ ಮೊಣಕಾಲು ನೋಡಿ, "ಹಾಂ, ಆತು ನೋಡ್ರಿ," ಅಂದ. ಮರುದಿನ ಚೀಲ ಹೆಗಲಿಗೆ ಹಾಕಿ ಕಚೇರಿಗೆ ಹೋದೆ. ಆರು ಹಳ್ಳಿಯ ನಾಯಿಗಳು ಯಾರೋ ಹೊಸಬ ಅಂತ ಮೂರು ವಾರ ಬೊಗಳಿದವು, ಆಮೇಲೆ ಹೊಸ ಸಪ್ಪಳವನ್ನೂ ಒಪ್ಪಿಕೊಂಡವು. ಸೈಕಲ್ಲನ್ನು ಮಾರಿಬಿಟ್ಟೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ.

ಆಮೇಲೆ ನಾವು ಕೂತಲ್ಲೇ ಕೂತಿದ್ದರೂ ನಮ್ಮ ವಿಳಾಸ ಎರಡು ಸಲ ನಡೆದಾಡಿತು. ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ ಮುಂಬಯಿ ರಾಜ್ಯಕ್ಕೆ ಹೋಯಿತು, ಈಗ ಮಹಾರಾಷ್ಟ್ರ ಆಯಿತು. ಈ ಎರಡನೆಯ ಬದಲಾವಣೆಯ ಹೊತ್ತಿಗೇ ಅವ್ವನ ಬಲ ಭುಜ ಹಿಡಿದುಕೊಂಡಿತು. ಕೈ ಎದೆಗಿಂತ ಮೇಲೆ ಏರದು. ಊಟ ಎಡಗೈಯಿಂದ. ಅವಳಿಗೆ ಎಲ್ಲಕ್ಕಿಂತ ಸಂಕಟ ಅಂದರೆ ಹಣೆಗೆ ವಿಭೂತಿ ತಾನೇ ಹಚ್ಚಿಕೊಳ್ಳಲಾಗದ್ದು. ಸೊಸೆ ಹಚ್ಚಿದರೆ ಸಮಾಧಾನವಿಲ್ಲ, ಸೊಟ್ಟ ಆಯ್ತು ಅಂತ ಕಣ್ಣಲ್ಲಿ ನೀರು. ಡಾಕ್ಟರು ನೋಡಿ, ಮುರಿದದ್ದು ಏನಿಲ್ಲ, ಮನೆಯಲ್ಲೇ ಶಾಖ ಕೊಟ್ಟು ದಿನಾ ಕೈ ಆಡಿಸಬೇಕು ಅಂದರು. ಈ ಸಲ ಅರ್ಥ ತಪ್ಪಲಿಲ್ಲ.

ಹೀಗಾಗಿ ಈಗ ಬೆಳಿಗ್ಗೆ ಉಸುಕು ಕಾಸುವವನು ನಾನು. ಗಂಟನ್ನು ನನ್ನ ಕೆನ್ನೆಗೆ ಹಚ್ಚಿ ನೋಡಿ ಅವ್ವನ ಭುಜಕ್ಕೆ ಇಡುತ್ತೇನೆ. ಆಮೇಲೆ ಅವಳ ಬಲಗೈಯನ್ನು ಗೋಡೆಯ ಮೇಲೆ ಬೆರಳು ನಡೆಸುತ್ತ ಮೇಲಕ್ಕೆ ಒಯ್ಯಬೇಕು. ಅವಳ ಬೆರಳು ಎಲ್ಲಿಗೆ ಮುಟ್ಟಿತೋ ಅಲ್ಲಿ ನನ್ನ ಮಗಳು ಇದ್ದಲಿನಿಂದ ಒಂದು ಗೀರು ಎಳೆಯುತ್ತಾಳೆ. ಕಚ್ಚುವ ನೋವು, ಎಳೆಯುವ ನೋವು ಅಂತ ಮಾಳಪ್ಪನ ಪಾಠವನ್ನೆಲ್ಲ ನನ್ನದೇ ವಿದ್ಯೆ ಅನ್ನುವ ಹಾಗೆ ಒಪ್ಪಿಸುತ್ತೇನೆ. ಅವನು ಈಗ ಎಲ್ಲಿ ಕುರಿ ನಿಲ್ಲಿಸಿದ್ದಾನೋ, ದಿನಕ್ಕೆ ಒಂದು ಸಲವಾದರೂ ಅವನನ್ನು ನೆನೆಯದೆ ಈ ಮನಿಯಲ್ಲಿ ಯಾರ ಕೀಲೂ ಆಡುವುದಿಲ್ಲ.

ಮೊನ್ನೆ ನಾನು ಕಚೇರಿಗೆ ಹೊರಡುವ ಅವಸರದಲ್ಲಿ ಅವ್ವನ ಕೈಯನ್ನು ಒಂದಿಷ್ಟು ಜೋರಾಗಿ ಎತ್ತಿಬಿಟ್ಟೆ. ಅವಳು ಕಣ್ಣು ಬಿಗಿಯಾಗಿ ಮುಚ್ಚಿದಳು. ಬಾಯಿಂದ ತಾನಾಗಿಯೇ ಬಂತು: "ಹಳೂ ಹಲವ ರೇ, ಬಾಬಾ."

ಮೆಲ್ಲಗೆ ಅಲ್ಲಾಡಿಸೋ ಅಂತ. ಏಕವಚನ. ವ್ಯಾಕರಣ ಕೂಡ ಒಂದು ಗುಂಜಿ ತಪ್ಪಿರಲಿಲ್ಲ.

ನಾನು ಕೈ ಹಿಡಿದವನು ಹಾಗೆಯೇ ನಿಂತೆ. ಅವ್ವ ಕಣ್ಣು ತೆರೆದಳು, ನನ್ನ ಮುಖ ನೋಡಿದಳು, ತಾನು ಏನಂದೆ ಅಂತ ಅವಳಿಗೂ ತಿಳಿಯಿತು. ಗೋಡೆಯ ಗೀರುಗಳ ಕಡೆ ಮುಖ ತಿರುಗಿಸಿದಳು.

"ನಲವತ್ತು ವರ್ಷ ಇದೇ ಸಂತ್ಯಾಗ ಬೆಣ್ಣಿ ಮಾರೀನಿ, ನನಗ ಮರಾಠಿ ಬರಲ್ದೇನೋ?" ಅಂದಳು. "ನೀ ಆ ಕಾಲ ನೋಡಿ ಅಳ್ಲತ್ತಿದ್ದಿ. ಹಡದಾಕಿ, ಹ್ಯಾಂಗ ಹೇಳ್ಲಿ ಅಲ್ಲಾಡ್ಸು ಅಂತ? ಒಂದ ನಾಕ ದಿನ ತಿನ್ಲಿ, ಆಮ್ಯಾಲ ಹೇಳಮು ಅಂದೆ. ದಿನಾ ನಾಳಿ, ನಾಳಿ ಅಂದೆ. ಮಾಸ್ತರ್ ಬಂದು ದಾರಿ ಹೋಗ್ತದ ಅಂದಾಗ ನನ್ನ ಜೀವ ಅರ್ಧ ಆತು. ನನ್ನ ಕೈಲಿಂದೇ ನಿನ್ನ ಕಾಲ ಕೆಡಸ್ದೆ ಅಂತ ಇವತ್ತಿನ ತನಾ ಸುಡ್ಲತ್ತದ."

ಅಷ್ಟು ವರ್ಷ ಆ ಭಾರ ಅವಳು ಒಬ್ಬಳೇ ಹೊತ್ತಿದ್ದಳು. ನನ್ನ ಪಾಲಿನ ಸುಳ್ಳನ್ನು ಹೊರಗೆ ತೆಗೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಬರುವುದಿಲ್ಲ ಅನ್ನಿಸಿತು.

"ಅವ್ವ, ನನಗೂ ಗೊತ್ತಿತ್ತು," ಅಂದೆ. "ಗಾಡಿಯಾಗ ಕುಂತಾಗಲೇ ಗೊತ್ತಿತ್ತು. ತುಪ್ಪದ್ದು ಅಂದವ ನಾನೇ ಅಲ್ಲೇನು?"

ಅವ್ವ ನನ್ನನ್ನು ನೋಡಿದಳು. ಮೊದಲು ನಂಬಲಿಲ್ಲ. ಆಮೇಲೆ ಗಾಡಿ, ತುಪ್ಪ, ಬಟ್ಟಲು ಎಲ್ಲ ಒಂದೊಂದಾಗಿ ನೆನಪಾದವು ಅಂತ ಕಾಣುತ್ತದೆ, ಭುಜ ಕುಲುಕಿಸಿ ನಗತೊಡಗಿದಳು. ಹಲ್ಲಿಲ್ಲದ ಬಾಯಿ ತೋರಿಸಿ ನಗಬಾರದು ಅಂತ ಅವಳ ಹಳೇ ರೂಢಿ. ನಗು ಬಂದರೆ ಸೆರಗು ಬಾಯಿಗೆ ಹೋಗಲೇಬೇಕು. ಹೋಯಿತು. ಬಲಗೈಯೇ ಹೋಯಿತು. ಎರಡು ತಿಂಗಳಿಂದ ನಾನು ಗೋಡೆಗುಂಟ ಏರಿಸಲಾಗದ ಕೈ, ಸೆರಗಿನ ತುದಿ ಹಿಡಿದು, ಯಾರೂ ಹೇಳದೆ ತುಟಿಯ ತನಕ ಏರಿ ನಿಂತಿತ್ತು. ಅವಳಿಗೆ ಅದು ಗೊತ್ತೇ ಇರಲಿಲ್ಲ. ಬಾಗಿಲಲ್ಲಿ ನಿಂತ ಸುಶೀಲಾ ನನಗೆ ಮಾತಾಡಬೇಡ ಅಂತ ಕಣ್ಣಲ್ಲೇ ಹೇಳಿದಳು.

ಅವತ್ತು ಸಂಜೆ ನಮ್ಮ ಮನಿಯಲ್ಲಿ ಹಲವಾ ಆಯಿತು, ತುಪ್ಪದ್ದು. ಅವ್ವನ ಕೈ ಬಾಯಿಯ ತನಕ ಬಂದಿದೆ, ವಿಭೂತಿಗೆ ಇನ್ನು ನಾಲ್ಕು ಬೆರಳು ಮೇಲೆ ಹೋಗಬೇಕು. ಹೇಳಲಿಕ್ಕೆ ಸುಳ್ಳು ಇಬ್ಬರ ಹತ್ತಿರವೂ ಉಳಿದಿಲ್ಲ. ಆ ನಾಲ್ಕು ಬೆರಳನ್ನು ಮೆಲ್ಲಗೆ, ದಿನಾ ಒಂದಿಷ್ಟು, ಅಲ್ಲಾಡಿಸಿಯೇ ಏರಬೇಕು.